ಸುರುಳಿ ಹಬ್ಬ

ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್ ಊರಿನಲ್ಲಿ ಗೆಲುವಿಗೆ ಬಿಳಿ ಬಣ್ಣ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ (ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲು) ಗೆದ್ದಿತೆಂದರೆ ಜನ ಟೂಮರ್ಸ್ ಕಾರ್ನರ್ ಎಂಬ ಬೀದಿಮೂಲೆಗೆ ನುಗ್ಗಿ ಓಕ್ ಮರಗಳ ಮೇಲೆ ಟಾಯ್ಲೆಟ್ ಪೇಪರ್ ಎಸೆಯುತ್ತಾರೆ. ನಗಬೇಡಿ, ಅದಕ್ಕೂ ಕೈಚಳಕ ಬೇಕು. ತುದಿಯನ್ನು ಒಂದಿಷ್ಟು ಬಿಚ್ಚಿಟ್ಟುಕೊಂಡು ಬೀಸಿದರೆ ಸುರುಳಿ ಬಾಲ ಬಿಡುತ್ತಾ ಕೊಂಬೆ ದಾಟಿ ಆಚೆ ಬೀಳುತ್ತದೆ. ಅಲ್ಲಿದ್ದ ಅಪರಿಚಿತರು ಅದನ್ನೇ ಎತ್ತಿ ಈಚೆ ಎಸೆಯುತ್ತಾರೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರೂ ಆ ಗುಂಪಿನಲ್ಲಿರುತ್ತಾರೆ. ಇಷ್ಟು ಅಗ್ಗದ, ಇಷ್ಟು ಚೆಂದದ ಸಂಭ್ರಮ ನನಗಂತೂ ಬೇರೆ ಗೊತ್ತಿಲ್ಲ.

2010ರಲ್ಲಿ ಆಬರ್ನ್ ಎದುರು ಅದೇ ರಾಜ್ಯದ ಅಲಬಾಮಾ ವಿಶ್ವವಿದ್ಯಾಲಯದ ತಂಡ ಸೋತ ಮೇಲೆ, ಅದರ ಅಭಿಮಾನಿಯೊಬ್ಬ ಈ ಮರಗಳಿಗೆ ವಿಷ ಹಾಕಿದ. ಆಟದ ಸಿಟ್ಟು ಮರದ ಬುಡಕ್ಕೆ! 2013ರ ಏಪ್ರಿಲ್‌ನಲ್ಲಿ ಅವನ್ನು ಕಡಿಯಬೇಕಾಯಿತು.

ಅದೇ ವರ್ಷ ನವೆಂಬರ್ 30ರಂದು ಅದೇ ಅಲಬಾಮಾ ಮತ್ತೆ ಆಬರ್ನ್‌ಗೆ ಬಂತು. 28-28 ಸಮಬಲ, ಉಳಿದದ್ದು ಒಂದೇ ಸೆಕೆಂಡು. ಅಲಬಾಮಾ ಒದ್ದ ಚೆಂಡು ಗುರಿ ಮುಟ್ಟಲಿಲ್ಲ. ಗೋಲಿನ ಬಳಿ ಕಾದಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಇಡೀ ಮೈದಾನ ಓಡಿಬಿಟ್ಟ. 34-28.

ಕಾಗದ ಎಸೆಯಲು ಮರಗಳೇ ಇರಲಿಲ್ಲವಲ್ಲ? ಕಂಬಗಳಿಗೆ ತಂತಿ ಕಟ್ಟಿಟ್ಟಿದ್ದರು. ಆ ರಾತ್ರಿ ತಂತಿಗಳೇ ಕೊಂಬೆಗಳಾದವು.

2015ರಲ್ಲಿ ಹೊಸ ಓಕ್ ನೆಟ್ಟರು. ಬೇರು ಹಿಡಿಯುವವರೆಗೆ ಅವಕ್ಕೆ ಕಾಗದ ಎಸೆಯಬೇಡಿ ಎಂದು ಕೇಳಿಕೊಂಡರು.