ಕೃಶಕಾಯರ ಒಪ್ಪತ್ತು

ಶ್ರಾವಣ ಸೋಮವಾರದ ಮುಸ್ಸಂಜೆಯಲ್ಲಿ, ಸುರಪುರದ ಗುಡ್ಡಗಳ ಮೇಲೆ ಜಿಟಿಜಿಟಿ ಮಳೆ ಇಳಿಯುತ್ತಿರಲು, ದೇವರ ಜಗಲಿಗೆ ದೀಪ ಹಚ್ಚಿ, ವಿಭೂತಿ ಧರಿಸಿ, ಒಲೆಯ ಮುಂದೆ ಕುಳಿತ ನಮ್ಮ ಸೋದರತ್ತೆ ರೊಟ್ಟಿ ಬಡಿಯುವ ಸಪ್ಪಳವು ಪಡಸಾಲೆಯವರೆಗೂ ಕೇಳಿಬರುತ್ತಿತ್ತು. ಮುಂಜಾನೆಯಿಂದ ನೀರಲ್ಲದೆ ಬೇರೇನನ್ನೂ ಮುಟ್ಟದೆ, ಹೊಲದ ಕೆಲಸವನ್ನೂ ಮನೆಯ ಕೆಲಸವನ್ನೂ ತೂಗಿಸಿಕೊಂಡು, ಸೂರ್ಯಾಸ್ತಾನಂತರ ಒಮ್ಮೆ ಮಾತ್ರ ಉಣ್ಣುವ ಆ ವ್ರತವನ್ನು ಆಕೆ ಐವತ್ತು ವರ್ಷಕ್ಕೂ ಮಿಕ್ಕಿ ನಡೆಸಿದಳು. ಮೊದಲೇ ಕಡ್ಡಿಯಂತಿದ್ದ ಆ ಶರೀರವು ಅದರಿಂದ ಎಳ್ಳಷ್ಟಾದರೂ ಸೊರಗಿದ್ದನ್ನು ನಾವಾರೂ ಕಾಣಲಿಲ್ಲ.

ನನ್ನದೂ ಅದೇ ವಂಶದ ಮೈಕಟ್ಟು. ಯಾದಗಿರಿಯಲ್ಲಿ ನೌಕರಿಯಲ್ಲಿದ್ದಾಗ, ಸ್ಥೂಲಕಾಯರಾದ ಮಿತ್ರರೊಬ್ಬರು ದಿನಕ್ಕೆ 16 ತಾಸು ನಿರಾಹಾರವಾಗಿದ್ದು ಉಳಿದ 8 ತಾಸುಗಳಲ್ಲಿ ಮಾತ್ರ ಉಣ್ಣುವ ಈಗಿನ ಪದ್ಧತಿಯಿಂದ ಹಗುರಾದುದನ್ನು ಕಂಡು, 55 ಕಿಲೋ ತೂಕದ ನಾನು ಚಿತ್ತಪ್ರಸನ್ನತೆಯ ಆಸೆಯಿಂದ ಅದನ್ನೇ ಹಿಡಿದೆ. ಬೆಳಗಿನ ಉಪಾಹಾರವನ್ನು ಬಿಟ್ಟೆನೇ ಹೊರತು ಮಧ್ಯಾಹ್ನಕ್ಕಾಗಲಿ ರಾತ್ರಿಗಾಗಲಿ ಒಂದು ತುತ್ತನ್ನೂ ಹೆಚ್ಚಿಸಲಿಲ್ಲ. ಎರಡು ತಿಂಗಳು ಕಳೆದು, ತೊಗರಿಯ ಚೀಲ ತೂಗುವ ಅಡತಿ ಅಂಗಡಿಯ ಕಾಟಾದ ಮೇಲೆ ನಿಂತಾಗ ಅದು 52 ಎಂದು ತೋರಿಸಿತು. ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತಿತ್ತು. ಆ ಶ್ರಾವಣದಲ್ಲಿ ಸುರಪುರಕ್ಕೆ ಹೋದಾಗ ಅತ್ತೆ ನನ್ನ ರಟ್ಟೆ ಹಿಡಿದು ನೋಡಿ, ಮೂರು ರೊಟ್ಟಿಗೇ ಸಾಕೆಂದ ನನ್ನ ತಾಟಿಗೆ ನಾಲ್ಕನೆಯದನ್ನು ಹಾಕುತ್ತ, "ತಮ್ಮಾ, ಒಪ್ಪತ್ತಂದ್ರ ಒಂದ್ ಹೊತ್ತು ಉಣ್ಣೂದು, ಅರ್ಧಾ ಹೊಟ್ಟಿ ಉಣ್ಣೂದಲ್ಲ" ಎಂದಳು.

ಒಂದು ಪೊತ್ತು, ಎಂದರೆ ಒಂದು ಹೊತ್ತು, ಎಂಬುದೇ ಒಪ್ಪತ್ತು. ಉಂಡ ಹೊತ್ತಿನಿಂದ ವ್ರತಕ್ಕೆ ಹೆಸರಿಟ್ಟ ನಮ್ಮ ಪೂರ್ವಿಕರು, ಬಿಟ್ಟ ಹೊತ್ತುಗಳನ್ನು ಹೆಸರಿನಲ್ಲಿ ಎಣಿಸಲೇ ಇಲ್ಲ. ಕೃಶಕಾಯರು ಅರಿಯಬೇಕಾದ ಮರ್ಮವೆಲ್ಲ ಈ ಒಂದು ಪದದಲ್ಲಿ ಅಡಗಿದೆಯೆಂಬುದು ನನ್ನ ದೃಢವಾದ ನಂಬಿಕೆ.

ಉಂಡ ಅನ್ನದ ಸಕ್ಕರೆಯಲ್ಲಿ ಸುಮಾರು 100 ಗ್ರಾಂ ಮಾತ್ರ ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಹತ್ತು ಹನ್ನೆರಡು ತಾಸು ಬಾಯಿ ಕಟ್ಟಿದರೆ ಅದು ಕರಗುತ್ತ ಬಂದು, ದೇಹವು ಕೊಬ್ಬಿನ ಕಡೆಗೆ ಕೈ ಚಾಚುತ್ತದೆ. ಸ್ಥೂಲಕಾಯನಿಗಾದರೋ ನೆಲದೊಳಗೆ ತುಂಬಿದ ಹಗೇವು ಉಂಟು. ಕೃಶನಿಗೆ ಇರುವುದು ಮೂಲೆಯ ಗಡಿಗೆಯೊಂದೇ ಆದಕಾರಣ, ತೆಗೆದುದನ್ನು ಬೇಗನೆ ತುಂಬದಿದ್ದರೆ ದೇಹವು ಮಾಂಸಖಂಡವನ್ನೂ ಒಡೆದು ಉಣ್ಣತೊಡಗುತ್ತದೆ. ಚರಕಸಂಹಿತೆಯ ಸೂತ್ರಸ್ಥಾನವು ಅತಿಸ್ಥೂಲನನ್ನೂ ಅತಿಕೃಶನನ್ನೂ ಒಂದೇ ಅಧ್ಯಾಯದಲ್ಲಿ ನಿಲ್ಲಿಸಿ, ಅತಿಕೃಶನು ಹಸಿವು ನೀರಡಿಕೆಗಳನ್ನು ಸಹಿಸಲಾರನೆಂದೂ ಅವನಿಗೆ ಬೃಂಹಣವೇ, ಎಂದರೆ ಪುಷ್ಟಿಯೇ, ಚಿಕಿತ್ಸೆಯೆಂದೂ ವಿಧಿಸುತ್ತದೆ. ಉಪವಾಸವನ್ನು ಅದರ ಮುಂದಿನ ಅಧ್ಯಾಯದಲ್ಲಿ ಲಂಘನದ ಹತ್ತು ಬಗೆಗಳಲ್ಲೊಂದಾಗಿ ಎಣಿಸಲಾಗಿದೆ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗವು ತೆಳ್ಳನೆಯ ಮೈಯವರನ್ನೇ ಆರಿಸಿಕೊಂಡು ನಡೆಸಿದುದಾದ್ದರಿಂದ ನಮಗೆ ವಿಶೇಷ ಮನನೀಯವಾಗಿದೆ. 36 ಜನರನ್ನು ಮೂರು ಗುಂಪು ಮಾಡಿ ಮೂರು ವಾರ ಪರೀಕ್ಷಿಸಿದರು. ಪ್ರತಿದಿನವೂ ಕಾಲುಭಾಗ ಕಡಿಮೆ ಉಂಡವರು ಸುಮಾರು 1.9 ಕಿಲೋ ಕಳೆದುಕೊಂಡರು, ಅದು ಬಹುಪಾಲು ಕೊಬ್ಬು. ಒಂದು ದಿನ ಪೂರ್ಣ ಉಪವಾಸವಿದ್ದು ಮರುದಿನ ಒಂದೂವರೆಪಟ್ಟು ಉಂಡವರು ಸುಮಾರು 1.6 ಕಿಲೋ ಕಳೆದುಕೊಂಡರಾದರೂ, ಅದರಲ್ಲಿ ಕೊಬ್ಬು ಅರ್ಧದಷ್ಟೇ. ಉಪವಾಸದ ಮರುದಿನ ಎರಡುಪಟ್ಟು ಉಂಡವರ ತೂಕವಾದರೋ ಗಣನೀಯವಾಗಿ ಇಳಿಯಲೇ ಇಲ್ಲ. ಉಪವಾಸದಿಂದಲೇ ಬಂದಿತೆನ್ನಬಹುದಾದ ಪ್ರತ್ಯೇಕ ಆರೋಗ್ಯಲಾಭವೂ ಆ ಮೂರು ವಾರಗಳಲ್ಲಿ ಕಾಣಲಿಲ್ಲ. ಅತ್ತೆಯ ನಾಲ್ಕನೆಯ ರೊಟ್ಟಿಗೆ ಇದಕ್ಕಿಂತ ಮಿಗಿಲಾದ ಸಮರ್ಥನೆ ಬೇಕೆ?

ಹಾಗಾದರೆ ಕೃಶನಾದವನು ಉಪವಾಸ ಮಾಡುವುದಾದರೂ ಏತಕ್ಕೆ? ನಾನು ಅದನ್ನು ಪ್ರೀತಿಸುವುದು ಅದು ಕೊಡುವ ಏಕಾಗ್ರತೆಗಾಗಿ, ಮತ್ತು ಅಂದಿನ ಊಟಕ್ಕೆ ಬರುವ ರುಚಿಗಾಗಿ. ಹಂಚಿನ ಮೇಲೆ ಉಬ್ಬಿ ನಿಂತ ರೊಟ್ಟಿಯ ಪದರನ್ನು ಬೆರಳಿನಿಂದ ಒಡೆದಾಗ ಏಳುವ ಜೋಳದ ಹಬೆಯಲ್ಲಿ ಒಂದು ಸಿಹಿಯುಂಟು. ದಿನಕ್ಕೆ ನಾಲ್ಕು ಸಲ ತಿನ್ನುವವನ ನಾಲಗೆಗೆ ಅದು ದೊರೆಯುವುದು ದುರ್ಲಭ.

ನಮ್ಮ ಊರುಗಳ ವ್ರತಗಳೆಲ್ಲವೂ ಊಟಕ್ಕೆ ಕಾವಲಿಟ್ಟಿವೆ. ಮಾಧ್ವರ ಮನೆಗಳ ದಿನತ್ರಯದಲ್ಲಿ ದಶಮಿಯಂದು ಒಂದು ಊಟ, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಬೆಳಗಾಗುತ್ತಲೇ ಪಾರಣೆ. ಈ ಪಾರಣೆಯನ್ನು ವೇಳೆ ಮೀರಿಸುವುದು ವ್ರತಕ್ಕೇ ಲೋಪ. ಶಹಾಪುರದ ಮಿತ್ರರ ಮನೆಯಲ್ಲಿ ರಂಜಾನಿನ ನಸುಕಿಗೆ ಮುಂಚೆ ಮಕ್ಕಳನ್ನು ಎಬ್ಬಿಸಿ ಸಹರಿ ಉಣಿಸುವ ತಾಯಿಯ ಕಳಕಳಿಯನ್ನು ಕಂಡವರಿಗೆ, ರೋಜಾದ ಬಲವು ಆ ನಸುಕಿನ ತಾಟಿನಲ್ಲಿದೆಯೆಂಬುದು ವಿದಿತವಾಗದೆ ಇರದು.

ಈಗ ನನ್ನ ಕ್ರಮವಿಷ್ಟು. ವಾರಕ್ಕೊಮ್ಮೆ, ಸೋಮವಾರ, ಒಪ್ಪತ್ತು. ಮಿಕ್ಕ ದಿನಗಳಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ 12 ತಾಸಿನ ವಿರಾಮ ಮಾತ್ರ. ಒಂದು ಉಪಾಹಾರ ಬಿಟ್ಟರೆ ನಷ್ಟವಾಗುವುದು ಸುಮಾರು 500 ಕ್ಯಾಲೊರಿಯೆಂದು ಹಿಡಿದರೆ, 50 ಗ್ರಾಂ ಹಿಟ್ಟಿನ ಇನ್ನೊಂದು ರೊಟ್ಟಿ, 30 ಗ್ರಾಂ ಶೇಂಗಾ ಹಿಂಡಿ, ಒಂದು ದೊಡ್ಡ ಚಮಚ ತುಪ್ಪ, ಒಂದು ಬಟ್ಟಲು ಮೊಸರು, ಇಷ್ಟರಿಂದ ಆ ಸಾಲ ತೀರುತ್ತದೆ. ಸೋಮವಾರ ಬಿಟ್ಟದ್ದು ಎರಡು ಹೊತ್ತಾದ್ದರಿಂದ, ಅಂದು ಒಮ್ಮೆಗೇ ಹಿಡಿಸದಷ್ಟನ್ನು ಮಂಗಳವಾರದ ತಾಟು ತುಂಬಿಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಂತೆ ಕಿಲೋ ತೂಕಕ್ಕೆ 0.83 ಗ್ರಾಂ, ಎಂದರೆ ನನ್ನಂಥವನಿಗೆ ಸುಮಾರು 46 ಗ್ರಾಂ ಪ್ರೋಟೀನು ದಿನಕ್ಕೆ ಬೇಕು. ನಮ್ಮ ಸೀಮೆಯ ತೊಗರಿಬೇಳೆ, ಶೇಂಗಾ, ಮೊಸರುಗಳಿರುವಾಗ ಅದು ಕಷ್ಟವಲ್ಲ. ಜೊತೆಗೆ ರಟ್ಟೆಗೆ ದುಡಿತವಿರಲಿ. ಇಟಲಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರ ಎತ್ತಿ ಪಳಗಿದ 34 ಯುವಕರಲ್ಲಿ, ಎಂಟು ತಾಸುಗಳೊಳಗೆ ಮೂರು ಊಟಗಳನ್ನು ಪೂರೈಸಿದವರ ಮಾಂಸಖಂಡವು ಎಂಟು ವಾರಗಳಾದರೂ ಕುಂದಲಿಲ್ಲ.

ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕವು 18.5ಕ್ಕಿಂತ ಕೆಳಗಿರುವವರು, ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಈ ಒಪ್ಪತ್ತನ್ನು ಮುಟ್ಟಬಾರದು. ಸಕ್ಕರೆ ಕಾಯಿಲೆಗೆ ಔಷಧ ಪಡೆಯುವವರು ವೈದ್ಯರನ್ನು ಕೇಳದೆ ಹೊತ್ತು ತಪ್ಪಿಸಬಾರದು. ನಮ್ಮ ವೈಶಾಖದ ಬಿಸಿಲಿನಲ್ಲಿ ನೀರು ಬಿಡುವ ಸಾಹಸವೂ ಬೇಡ. ಕಾಟಾ ಎರಡು ವಾರ ಸತತ ಇಳಿದರೆ ವ್ರತವನ್ನು ನಿಲ್ಲಿಸುವುದೇ ವಿವೇಕ.

ನಿಲ್ಲಿಸುವುದನ್ನೂ ನಾನು ಕಲಿತದ್ದು ಅತ್ತೆಯಿಂದಲೇ. 1972ರ ಬರಗಾಲದಲ್ಲಿ, ಊರ ಅರ್ಧ ಜನ ಗುಳೆ ಹೊರಟು, ಮನೆಯ ಹಗೇವಿನ ತಳ ಕಂಡಾಗ, ಅಷ್ಟು ನಿಷ್ಠೆಯ ಆ ಹೆಂಗಸು ಆ ವರ್ಷವೆಲ್ಲ ಸೋಮವಾರ ಹಿಡಿಯಲಿಲ್ಲ. ದೇವರಿಗೆ ತಪ್ಪಾಯಿತಲ್ಲವೆ ಎಂದು ಯಾರೋ ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರವನ್ನು ನಮ್ಮ ಮನೆಯಲ್ಲಿ ಇಂದಿಗೂ ನೆನೆಯುತ್ತೇವೆ: "ಸಂಜಿಗೆ ರೊಟ್ಟಿ ಅದ ಅಂತ ಗೊತ್ತಿದ್ರ ಒಪ್ಪತ್ತು. ಗೊತ್ತಿಲ್ಲಂದ್ರ ಅದು ಬರೇ ಹಸಿವಿ."