ಹಿಮ್ಮುಖ ತಿರುಗಿದ ಚಕ್ರ

ಮಳೆ ಹೊಳವಾಯಿತೆಂದರೆ ಮಲೆನಾಡಿನ ಅಂಗಳಗಳಲ್ಲಿ ಜೀಪಿನ ಬಾಣಂತನ ಶುರು. ಹೌಸಿಂಗಿಗೆ ಮೆತ್ತಿದ ಕೆಸರು ಕೆರೆಯಬೇಕು, ಗ್ರೀಸ್ ಹೊಡೆಯಬೇಕು, ಡ್ರಮ್ ಬಿಚ್ಚಿ ಮಣ್ಣು ಕೊಡವಬೇಕು. ಇದಕ್ಕೆಲ್ಲ ಮೊದಲು ಗಾಡಿ ಎತ್ತಬೇಕು.

ನನ್ನ ಹಳೆಯ ವಿಲ್ಲಿಸ್‌ಗೆ ಒಮ್ಮೆ ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರು ಹಾಕಿ, ಹಿಂದಿನ ಎಡಗಾಲು ಎತ್ತಿದೆ. ಚಕ್ರ ನೆಲ ಬಿಟ್ಟು ಬೆರಳಷ್ಟು ಮೇಲೆ ಬಂದಿರಬೇಕು, ತನ್ನಷ್ಟಕ್ಕೆ ಹಿಮ್ಮುಖವಾಗಿ ತಿರುಗತೊಡಗಿತು. ಗಾಡಿ ಮಾತ್ರ ಮುಂದಕ್ಕೆ ಜಾರುತ್ತಿತ್ತು! ಜಾಕ್ ವಾಲಿ ಬಿತ್ತು. ಪುಣ್ಯಕ್ಕೆ ನಾನಿನ್ನೂ ಅಡಿಗೆ ತೂರಿರಲಿಲ್ಲ.

ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಬೆನ್ನಿಗಿದೆ. ಹಿಡಿಯುವುದು ಹಿಂದಿನ ಶಾಫ್ಟನ್ನು. ಶಾಫ್ಟ್ ನಿಂತರೂ ಕ್ರೌನಿನೊಳಗಿನ ಪುಟ್ಟ ಗೇರುಗಳು ಒಂದು ಚಕ್ರವನ್ನು ಹಿಂದಕ್ಕೂ ಇನ್ನೊಂದನ್ನು ಮುಂದಕ್ಕೂ ಬಿಟ್ಟುಕೊಡುತ್ತವೆ. ಫಸ್ಟ್ ಗೇರಿನ ಹಿಡಿತವೂ ಅದೇ ಶಾಫ್ಟಿನದು. ಫೋರ್‌ವೀಲ್ ಹಾಕಿದ್ದರೆ ಮುಂದಿನ ಶಾಫ್ಟೂ ಸೇರಿ ನೆಲದಲ್ಲಿರುವ ಮುಂದಿನ ಎರಡು ಚಕ್ರ ಗಾಡಿಯನ್ನು ಹಿಡಿದಿಡುತ್ತಿದ್ದವು. ಮುಂದಿನ ಹಬ್ ಫ್ರೀ ಬಿಟ್ಟಿದ್ದರೆ ಅದೂ ಇಲ್ಲ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದರಂತೂ ಗೇರು ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಹಿಂದಿನ ಚಕ್ರಕ್ಕೇ ಹ್ಯಾಂಡ್‌ಬ್ರೇಕ್ ಇರುವ ಗಾಡಿಗಳಲ್ಲಿ ಎರಡನ್ನೂ ಎತ್ತಿದಾಗ ಆ ಬ್ರೇಕು ಗಾಳಿಯನ್ನು ಹಿಡಿದಿರುತ್ತದೆ, ಅಷ್ಟೆ.

ಈಗ ನಾನು ಎಲ್ಲ ಹಾಕಿದ ಮೇಲೂ ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡುತ್ತೇನೆ. ನಟ್ಟುಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸುತ್ತೇನೆ. ಗಾಡಿ ಎತ್ತಿ ನಿಲ್ಲಿಸಿ ಸ್ಪ್ಯಾನರಿನ ಮೇಲೆ ನಿಂತು ಜಗ್ಗುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಜಾಕ್ ಕೊಡುವುದು ಆಕ್ಸಲ್ಲಿಗೆ, ಪಟ್ಟೆಯ ಯು ಬೋಲ್ಟಿನ ಹತ್ತಿರ. ಚಾಸಿಗೆ ಕೊಟ್ಟರೆ ಪಟ್ಟೆ ಇನ್ನಷ್ಟು ಬಾಗಿ ಆಕ್ಸಲ್ ಜೋತುಬೀಳುತ್ತದೆ, ಜಾಕಿನ ಎತ್ತರ ಮುಗಿದರೂ ಚಕ್ರ ನೆಲದಲ್ಲೇ. ಅಡಿಗೆ ದಪ್ಪ ಹಲಗೆ ಬೇಕೇ ಬೇಕು, ಒದ್ದೆ ಅಂಗಳ ಬಾಟಲ್ ಜಾಕನ್ನು ನುಂಗುತ್ತದೆ.

ಜಾಕ್ ಎತ್ತಲಿಕ್ಕೆ ಮಾತ್ರ. ಅದರ ವಾಷರ್ ಸವೆದಿದ್ದರೆ ಎಣ್ಣೆ ಜಿನುಗಿ ಗಾಡಿ ಸದ್ದಿಲ್ಲದೆ ಇಳಿಯುತ್ತದೆ. ಜಂಬಿಟ್ಟಿಗೆ, ಸಿಮೆಂಟ್ ಬ್ಲಾಕ್ ಪೇರಿಸುವ ಚಾಳಿ ನಮ್ಮೂರಲ್ಲಿ ಇನ್ನೂ ಇದೆ; ಅವು ಬಿರುಕು ತೋರಿಸಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತವೆ. ಆಕ್ಸಲ್ಲಿನ ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು ಭಾರ ಇಳಿಸಿ, ಬಂಪರಿಗೆ ಭುಜ ಕೊಟ್ಟು ಅಲ್ಲಾಡಿಸಿ ನೋಡುತ್ತೇನೆ. ಬಿಚ್ಚಿದ ಚಕ್ರವನ್ನು ಚಾಸಿಯಡಿ ಮಲಗಿಸಿ, ಆಮೇಲೆ ಗೋಣಿ ಹಾಸಿಕೊಂಡು ತೂರುತ್ತೇನೆ.