ಲಘು ಐತಿಹಾಸಿಕ ಕಾದಂಬರಿ: ಆಸ್ವಾದ ಮತ್ತು ಔಚಿತ್ಯ

ಪಠ್ಯಪಟ್ಟಿಯಲ್ಲಿ ಎಂದೂ ಸ್ಥಾನ ಪಡೆಯದೆ, ಆದರೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಸಮಾನವಾದ ಆಸಕ್ತಿಯಿಂದ ಓದುವ ಒಂದು ಬಗೆಯ ಸಾಹಿತ್ಯವುಂಟು. ಕಳೆದುಹೋದ ಕಾಲವೊಂದನ್ನು ಹಿನ್ನೆಲೆಯಾಗಿ ಹಿಡಿದು, ಅದರಲ್ಲಿ ಕೊಲೆಯ ರಹಸ್ಯವನ್ನೋ ಪ್ರಣಯದ ಪ್ರಸಂಗವನ್ನೋ ಹೆಣೆದು, ಕೊನೆಗೆ ಅಪರಾಧಿಯನ್ನು ಬಯಲಿಗೆಳೆದು ಅಥವಾ ನಾಯಕ ನಾಯಿಕೆಯರನ್ನು ಕೂಡಿಸಿ ಮಂಗಳವನ್ನು ಹಾಡುವ ಕಾದಂಬರಿಗಳು ಈ ಬಗೆಯವು. ಇಂಥವನ್ನು ಓದಿದ್ದೇವೆಂದು ಒಪ್ಪಿಕೊಳ್ಳುವಾಗ ವಿದ್ವಾಂಸರ ದನಿಯಲ್ಲಿ ಸಾಮಾನ್ಯವಾಗಿ ಒಂದು ಸಂಕೋಚವಿರುತ್ತದೆ. ಬೇಸರ ಕಳೆಯಲೆಂದು ಓದಿದೆವು ಎಂದು ಅವರು ಸಮಜಾಯಿಷಿ ಹೇಳುತ್ತಾರೆ. ಈ ಸಂಕೋಚಕ್ಕೆ ಕಾರಣವುಂಟೆ? ಉಂಟಾದರೆ ಅದು ಓದುಗನ ಸಂತೋಷಕ್ಕೆ ಸಂಬಂಧಿಸಿದ್ದೋ, ಕೃತಿಯ ದೋಷಕ್ಕೆ ಸಂಬಂಧಿಸಿದ್ದೋ? ಈ ಪ್ರಶ್ನೆಗಳನ್ನು ಕೆಲವು ಇಂಗ್ಲಿಷ್ ಕೃತಿಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಐತಿಹಾಸಿಕ ಕಾದಂಬರಿಯ ಮೇಲೆ ಬರುವ ಮೊದಲ ಆಕ್ಷೇಪಣೆ, ಅದು ಇತಿಹಾಸಕ್ಕೆ ವಿರುದ್ಧವಾಗಿದೆ ಎಂಬುದು. ಈ ಆಕ್ಷೇಪಣೆಗೆ ನಮ್ಮ ಅಲಂಕಾರಿಕರು ಸಾವಿರ ವರ್ಷಗಳಿಗೂ ಹಿಂದೆಯೇ ಉತ್ತರವನ್ನು ಸಿದ್ಧಪಡಿಸಿದ್ದರು. ಒಂಬತ್ತನೆಯ ಶತಮಾನದ ಆನಂದವರ್ಧನನು, ನಡೆದುದನ್ನು ನಡೆದಂತೆ ಹೇಳುವುದರಿಂದಲೇ ಕವಿಯ ಕೆಲಸ ಮುಗಿಯುವುದಿಲ್ಲ, ಆ ಕಾರ್ಯವು ಇತಿಹಾಸದಿಂದಲೇ ಸಿದ್ಧವಾಗಿದೆ ಎಂದು ವಾದಿಸಿ, ಪ್ರಸಿದ್ಧ ಕಥೆಯಲ್ಲಿ ರಸಕ್ಕೆ ಪ್ರತಿಕೂಲವಾದುದಿದ್ದರೆ ಅದನ್ನು ತೊರೆದು ಅನುಕೂಲವಾದುದನ್ನು ಕಲ್ಪಿಸುವ ಸ್ವಾತಂತ್ರ್ಯವನ್ನು ಕವಿಗೆ ಕೊಟ್ಟನು. ಕುಂತಕನು ಇನ್ನೂ ಮುಂದೆ ಹೋಗಿ, ಹಳೆಯ ಕಥೆಯಲ್ಲಿ ಕವಿ ಹೊಸದಾಗಿ ಸೇರಿಸಿದ ಅಲ್ಪಾಂಶದಿಂದಲೇ ಇಡೀ ಕೃತಿಗೆ ಲಾವಣ್ಯ ಬರಬಹುದೆಂದು ತೋರಿಸಿದನು. ಶಾಕುಂತಲದಲ್ಲಿ ದುರ್ವಾಸನ ಶಾಪವು ಇದಕ್ಕೆ ಸುಪ್ರಸಿದ್ಧ ನಿದರ್ಶನ. ಆದಕಾರಣ ಕಲ್ಪನೆಯು ದೋಷವಲ್ಲ. ಕಲ್ಪಿಸಿದುದು ಆ ಕಾಲಕ್ಕೆ ಉಚಿತವಾಗಿದೆಯೆ, ಆ ಕಾಲವು ಕಥೆಗೆ ಅನಿವಾರ್ಯವಾಗಿದೆಯೆ ಎಂಬುದೇ ವಿಚಾರಣೀಯ. ಪಾತ್ರಗಳ ಉಡುಗೆಯನ್ನು ಬದಲಿಸಿ ಅದೇ ಕಥೆಯನ್ನು ಇಂದಿನ ಊರೊಂದರಲ್ಲಿ ಹೇಳಬಹುದಾದರೆ ಆ ಕೃತಿಯಲ್ಲಿ ಇತಿಹಾಸವು ಬರಿಯ ಪರದೆ. ಹಾಗೆ ಹೇಳಲಾಗದಿದ್ದರೆ ಅಲ್ಲಿ ಇತಿಹಾಸವು ಕಥೆಯ ಅಸ್ಥಿಯೇ ಆಗಿದೆ.

ಈ ಒರೆಗಲ್ಲಿಗೆ ಮೊದಲು ಜಾರ್ಜೆಟ್ ಹೇಯರಳ ಕೃತಿಗಳನ್ನು ಉಜ್ಜಿ ನೋಡೋಣ. 1902ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಈ ಲೇಖಕಿ 1921ರಲ್ಲಿ ತನ್ನ ಮೊದಲ ಕಾದಂಬರಿಯನ್ನು ಪ್ರಕಟಿಸಿದಳು. ಇಂಗ್ಲೆಂಡಿನಲ್ಲಿ ಮೂರನೆಯ ಜಾರ್ಜ್ ದೊರೆಯ ಮತಿಭ್ರಮಣೆಯ ಕಾರಣದಿಂದ ಯುವರಾಜನು ಆಡಳಿತ ವಹಿಸಿಕೊಂಡಿದ್ದ 1811ರಿಂದ 1820ರವರೆಗಿನ ಅವಧಿಯನ್ನು ಆಕೆ ತನ್ನ ಸ್ವಂತ ಜಹಗೀರನ್ನಾಗಿ ಮಾಡಿಕೊಂಡಳು. 1935ರ ‘ರೀಜೆನ್ಸಿ ಬಕ್’ ಎಂಬ ಕಾದಂಬರಿಯಲ್ಲಿ ಪ್ರಣಯವೂ ರಹಸ್ಯವೂ ಒಟ್ಟಿಗೆ ಇವೆ. ತಂದೆಯನ್ನು ಕಳೆದುಕೊಂಡ ಜೂಡಿತ್ ಎಂಬ ಶ್ರೀಮಂತ ತರುಣಿಯೂ ಅವಳ ತಮ್ಮನೂ ತಾವು ಕಂಡರಿಯದ ಪಾಲಕನೊಬ್ಬನ ಅಧೀನಕ್ಕೆ ಬರುತ್ತಾರೆ. ಅವನ ಅನುಮತಿಯಿಲ್ಲದೆ ಅವಳು ಮದುವೆಯಾಗುವಂತಿಲ್ಲ. ತಮ್ಮನಿಗೆ ಏನಾದರೂ ಆದರೆ ಆಸ್ತಿ ಅಕ್ಕನಿಗೆ ಸೇರುತ್ತದೆ. ಅಕ್ಕನನ್ನು ವರಿಸಿದವನಿಗೆ ಅದರ ಭೋಗ. ಆದ್ದರಿಂದ ತಮ್ಮನ ಪ್ರಾಣಕ್ಕೆ ಸಂಚು ನಡೆದಾಗ ಅಕ್ಕನಲ್ಲಿ ಪ್ರೀತಿ ತೋರುವ ಪ್ರತಿಯೊಬ್ಬನೂ ಸಂಶಯಕ್ಕೆ ಪಾತ್ರನಾಗುತ್ತಾನೆ. ಇಲ್ಲಿ ಪಾಲಕತ್ವದ ಕಾನೂನು, ಹೆಂಡತಿಯ ಸ್ವತ್ತಿನ ಮೇಲೆ ಗಂಡನಿಗಿದ್ದ ಅಧಿಕಾರ, ಇವೆರಡನ್ನು ತೆಗೆದುಬಿಟ್ಟರೆ ಕಥೆಯೇ ಕುಸಿಯುತ್ತದೆ. ಹಗುರವಾದ ಸಂಭಾಷಣೆಯ ಕೆಳಗೆ ಹೆಣ್ಣಿನ ಪರಾಧೀನತೆಯ ಲೆಕ್ಕಾಚಾರ ನಡೆಯುತ್ತಿರುವುದನ್ನು ಕಾಣದವನು ಹೇಯರಳನ್ನು ಅರ್ಧ ಮಾತ್ರ ಓದಿದಂತೆ.

ಆದರೆ ಆಕೆಯ ಮಿತಿಯೂ ಅಷ್ಟೇ ಸ್ಪಷ್ಟ. ಮಗ್ಗದ ಯಂತ್ರಗಳನ್ನು ಒಡೆದ ಕೆಲಸಗಾರರ ದಂಗೆ ಆರಂಭವಾದುದು 1811ರಲ್ಲಿ. ಮ್ಯಾಂಚೆಸ್ಟರಿನ ಬಯಲಿನಲ್ಲಿ ಮತದಾನದ ಹಕ್ಕನ್ನು ಕೇಳಲು ನೆರೆದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದುದು 1819ರ ಆಗಸ್ಟ್ 16ರಂದು. ಹೇಯರಳ ನೃತ್ಯಶಾಲೆಗಳಿಗೆ ಈ ಸದ್ದು ಕೇಳಿಸುವುದೇ ಅಪರೂಪ. ಇದನ್ನು ಲಘು ಕೃತಿಯ ಆವರಣಧರ್ಮವೆಂದು ಕ್ಷಮಿಸಬಹುದು. ಎಲ್ಲವನ್ನೂ ಹೇಳಬೇಕೆಂಬ ನಿಯಮ ಯಾವ ಕೃತಿಗೂ ಇಲ್ಲ. ಆದರೆ 1950ರ ‘ದಿ ಗ್ರ್ಯಾಂಡ್ ಸೋಫಿ’ಯಲ್ಲಿ ಬರುವ ಯೆಹೂದಿ ಬಡ್ಡಿವ್ಯಾಪಾರಿಯ ಚಿತ್ರವನ್ನು ಹೀಗೆ ಕ್ಷಮಿಸಲಾಗುವುದಿಲ್ಲ. ಯೂರೋಪಿನ ಯೆಹೂದಿಗಳ ಸಂಹಾರ ನಡೆದು ಐದು ವರ್ಷಗಳಷ್ಟೇ ಕಳೆದಿದ್ದಾಗ, ಆ ಸಂಹಾರಕ್ಕೆ ಸಮರ್ಥನೆಯಾಗಿ ಬಳಕೆಯಾದ ಜಿಡ್ಡು ಕೊಳೆಗಳ ಹಳೆಯ ವ್ಯಂಗ್ಯಚಿತ್ರವನ್ನೇ ಆಕೆ ನಗೆಗಾಗಿ ಮತ್ತೆ ಬರೆದಳು. ಮೌನ ಒಂದು, ಸುಳ್ಳು ಇನ್ನೊಂದು. ಮೊದಲನೆಯದನ್ನು ಓದುಗ ಸಹಿಸಬಹುದು. ಎರಡನೆಯದಕ್ಕೆ ನಗುವಾಗ ಅವನು ತನ್ನ ನಗೆಗೆ ತಾನೇ ಉತ್ತರವಾದಿಯಾಗುತ್ತಾನೆ.

ಕನ್ನಡ ಓದುಗನಿಗೆ ಹೇಯರಳ ಜಗತ್ತಿನೊಡನೆ ಅನಿರೀಕ್ಷಿತವಾದ ಒಂದು ನಂಟು ಇದೆ. 1937ರ ‘ಆ್ಯನ್ ಇನ್‌ಫೇಮಸ್ ಆರ್ಮಿ’ಯಲ್ಲಿ ‘ರೀಜೆನ್ಸಿ ಬಕ್’ನ ಜೂಡಿತ್ ಮತ್ತೆ ಕಾಣಿಸಿಕೊಳ್ಳುತ್ತಾಳೆ. ಬ್ರಸೆಲ್ಸ್ ನಗರದಲ್ಲಿ 1815ರ ಜೂನ್ 15ರ ರಾತ್ರಿಯ ನೃತ್ಯಕೂಟದಿಂದ ಮೂರು ದಿನಗಳ ಅನಂತರದ ವಾಟರ್‌ಲೂ ಕದನದವರೆಗೆ ಕಥೆ ಒಂದೇ ಓಟದಲ್ಲಿ ಸಾಗುತ್ತದೆ. ಕದನದ ವರ್ಣನೆಯಲ್ಲಿ ಲೇಖಕಿ ತೋರಿದ ದಾಖಲೆಯ ನಿಷ್ಠೆ ಪ್ರಶಂಸನೀಯ. ಅಲ್ಲಿನ ಸೇನಾನಾಯಕ ವೆಲಿಂಗ್‌ಟನ್ ಮಿತಭಾಷಿ, ವಿನೋದಪ್ರಿಯ, ಎಲ್ಲರ ಕಣ್ಮಣಿ. ಆದರೆ ಈತನನ್ನು ನಾವು ಆರ್ಥರ್ ವೆಲ್ಲೆಸ್ಲಿ ಎಂಬ ಹೆಸರಿನಿಂದ ಮೊದಲೇ ಬಲ್ಲೆವು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿ ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ದಾರಿಗಾಣದೆ ಹಿಂದೆಗೆದವನು ಈತನೇ. ಟಿಪ್ಪುವಿನ ಪತನಾನಂತರ ಅಲ್ಲಿನ ಅಧಿಕಾರವನ್ನು ವಹಿಸಿಕೊಂಡವನು ಈತನೇ. 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೊನೆಗಾಣಿಸಿ, ಅವನ ಸಾಕುಮಗನ ಪೋಷಣೆಗೆ ಏರ್ಪಾಡು ಮಾಡಿದವನೂ ಈತನೇ. ಈ ತಿಳಿವಳಿಕೆಯಿಂದ ಕಾದಂಬರಿಯ ರಸಕ್ಕೆ ಭಂಗ ಬರುವುದೆಂದು ಭಾವಿಸಬೇಕಾಗಿಲ್ಲ. ನೃತ್ಯಶಾಲೆಯ ದೀಪದ ಬೆಳಕಿನಲ್ಲಿ ನಿಂತ ಆ ಮನುಷ್ಯನ ಹಿಂದೆ, ಲೇಖಕಿಗೆ ಕಾಣದ ಕಾವೇರಿಯೊಂದು ನಮಗೆ ಕಾಣುತ್ತದೆ. ದೂರದ ಓದುಗನಾಗಿರುವುದರಿಂದ ದೊರೆಯುವ ಲಾಭ ಇದು.

ಇನ್ನು ಪತ್ತೇದಾರಿ ಕಥೆಗೆ ಬರೋಣ. ಗತಕಾಲದಲ್ಲಿ ಕೊಲೆಯ ರಹಸ್ಯವನ್ನು ಇರಿಸುವ ಪ್ರಯೋಗವನ್ನು ಅಗಾಥಾ ಕ್ರಿಸ್ಟಿ ‘ಡೆತ್ ಕಮ್ಸ್ ಆ್ಯಸ್ ದಿ ಎಂಡ್’ನಲ್ಲಿ ಮಾಡಿದಳು. ಕಥೆ ನಡೆಯುವುದು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಈಜಿಪ್ಟಿನಲ್ಲಿ. ಹೆಕನಖ್ತ್ ಎಂಬ ಗೃಹಸ್ಥ ಮನೆಯವರಿಗೆ ಬರೆದ ಕಾಗದಗಳು ಈ ಕೃತಿಯ ಬೀಜ. ಧಾನ್ಯದ ಪಡಿಯ ಲೆಕ್ಕ, ಹೊಲದ ಗೇಣಿ, ತನ್ನ ಹೊಸ ಹೆಂಡತಿಯನ್ನು ಮನೆಯವರು ಸರಿಯಾಗಿ ನೋಡಿಕೊಳ್ಳಲಿಲ್ಲವೆಂಬ ದೂರು, ಇಷ್ಟೇ ಆ ಕಾಗದಗಳ ವಿಷಯ. ಪಿರಮಿಡ್ಡುಗಳ ನಾಡಿನಿಂದ ಆಕೆ ಆರಿಸಿಕೊಂಡುದು ರಾಜರನ್ನಲ್ಲ, ಈ ಕೂಡುಕುಟುಂಬದ ಒಳಜಗಳವನ್ನು. ಅಲ್ಲಿ ಬೆರಳಚ್ಚಿಲ್ಲ, ಆರಕ್ಷಕರಿಲ್ಲ. ಮಾನವ ಸ್ವಭಾವದ ಪರಿಚಯವೊಂದೇ ಪತ್ತೆಯ ಸಾಧನ.

ಜೋಸೆಫೀನ್ ಟೇಯ 1951ರ ‘ದಿ ಡಾಟರ್ ಆಫ್ ಟೈಮ್’ ಇದರ ವಿಲೋಮಕ್ರಮ. ಇಂದಿನ ಪೊಲೀಸ್ ಅಧಿಕಾರಿಯೊಬ್ಬ ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿರುವಾಗ, 1483ರಲ್ಲಿ ಕಣ್ಮರೆಯಾದ ಇಬ್ಬರು ರಾಜಕುಮಾರರ ವಿಷಯವನ್ನು ಗ್ರಂಥಗಳ ಮೂಲಕ ವಿಚಾರಣೆ ಮಾಡಿ, ಅವರ ಚಿಕ್ಕಪ್ಪನಾದ ಮೂರನೆಯ ರಿಚರ್ಡ್ ನಿರಪರಾಧಿಯೆಂದು ತೀರ್ಮಾನಿಸುತ್ತಾನೆ. ಗೆದ್ದವರು ಬರೆಸಿದ ಇತಿಹಾಸವನ್ನು ಸಂಶಯದಿಂದ ನೋಡಬೇಕೆಂಬ ಪಾಠವನ್ನು ಇಷ್ಟು ಸ್ವಾರಸ್ಯವಾಗಿ ಕಲಿಸಿದ ಕೃತಿ ವಿರಳ. ಆದರೆ ಇದರಲ್ಲಿಯೇ ಅಪಾಯವೂ ಅಡಗಿದೆ. ಪತ್ತೇದಾರಿ ಕಥೆಗೆ ಉತ್ತರ ಬೇಕೇ ಬೇಕು. ಇತಿಹಾಸವು ಎಷ್ಟೋ ವೇಳೆ ಉತ್ತರ ಕೊಡದೆ ಸುಮ್ಮನಾಗುತ್ತದೆ. ರಿಚರ್ಡನ ಅಸ್ಥಿಗಳು 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಅಡಿಯಲ್ಲಿ ದೊರೆತವು. ಅವನ ಬೆನ್ನೆಲುಬು ಡೊಂಕಾಗಿದ್ದುದು ನಿಜವೆಂದು ಅವು ತಿಳಿಸಿದವು. ರಾಜಕುಮಾರರನ್ನು ಯಾರು ಕೊಂದರೆಂಬುದನ್ನು ತಿಳಿಸಲಿಲ್ಲ. ಕಾದಂಬರಿ ಕೊಟ್ಟ ತೀರ್ಪನ್ನು ಇತಿಹಾಸದ ತೀರ್ಪೆಂದು ನಂಬಿ ಉತ್ತರಪತ್ರಿಕೆಯಲ್ಲಿ ಬರೆಯುವ ವಿದ್ಯಾರ್ಥಿ, ತಾನು ಆ ಕೃತಿಯಿಂದ ಕಲಿಯಬೇಕಾಗಿದ್ದ ಸಂಶಯವನ್ನೇ ಮರೆತವನು.

ಈ ವರ್ಗದ ಕೃತಿಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಗಣ್ಯವಾದುದು ಎಲ್ಲಿಸ್ ಪೀಟರ್ಸ್ ಬರೆದ ಕ್ಯಾಡ್‌ಫೆಲ್ ಮಾಲಿಕೆ. ಎಲ್ಲಿಸ್ ಪೀಟರ್ಸ್ ಎಂಬುದು ಈಡಿತ್ ಪಾರ್ಜಿಟರಳ ಕಾವ್ಯನಾಮ. 1977ರಿಂದ 1994ರವರೆಗೆ ಪ್ರಕಟವಾದ ಇಪ್ಪತ್ತು ಕಾದಂಬರಿಗಳಿಗೆ ನಾಯಕ, ಶ್ರೂಸ್‌ಬರಿ ಮಠದ ಮೂಲಿಕೆಯ ತೋಟವನ್ನು ನೋಡಿಕೊಳ್ಳುವ ವೇಲ್ಸ್ ನಾಡಿನ ವೃದ್ಧ ಸಂನ್ಯಾಸಿ. ಒಮ್ಮೆ ಸೈನಿಕನಾಗಿ ಧರ್ಮಯುದ್ಧಗಳಲ್ಲಿ ಹೋರಾಡಿ, ನಾವಿಕನಾಗಿ ಕಡಲುಗಳನ್ನು ಸುತ್ತಿ, ನಡುವಯಸ್ಸು ದಾಟಿದ ಮೇಲೆ ಮಠ ಸೇರಿದವನು. ಕಾಲ ಹನ್ನೆರಡನೆಯ ಶತಮಾನ; ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಸ್ಟೀಫನ್ ದೊರೆಯೂ ಸಾಮ್ರಾಜ್ಞಿ ಮಟಿಲ್ಡಾಳೂ ಸೆಣಸುತ್ತಿದ್ದ ಅರಾಜಕತೆಯ ದಿನಗಳು. 1979ರ ‘ಒನ್ ಕಾರ್ಪ್ಸ್ ಟೂ ಮೆನಿ’ಯಲ್ಲಿ, 1138ರಲ್ಲಿ ಸ್ಟೀಫನ್ ಶ್ರೂಸ್‌ಬರಿ ಕೋಟೆಯನ್ನು ಹಿಡಿದು ಅದರ ರಕ್ಷಕರನ್ನು ಗಲ್ಲಿಗೇರಿಸಿದ ಐತಿಹಾಸಿಕ ಘಟನೆ ಕಥೆಯ ಆರಂಭ. ರಾಜಾಜ್ಞೆಯಂತೆ ಸತ್ತವರು ತೊಂಬತ್ತನಾಲ್ಕು ಮಂದಿ. ಶವಗಳಿಗೆ ಸಂಸ್ಕಾರ ಮಾಡಲು ಹೋದ ಕ್ಯಾಡ್‌ಫೆಲ್ ಎಣಿಸಿದಾಗ ಸಿಕ್ಕುವುದು ತೊಂಬತ್ತೈದು.

ಹೆಣಗಳ ರಾಶಿಯಲ್ಲಿ ಒಂದು ಹೆಣವನ್ನು ಅಡಗಿಸುವ ಉಪಾಯ ಹೊಸದೇನೂ ಅಲ್ಲ. ಚೆಸ್ಟರ್‌ಟನ್ನನು 1911ರಷ್ಟು ಹಿಂದೆಯೇ ಅದರ ಒಂದು ರೂಪವನ್ನು ಬಳಸಿದ್ದನು. ಹೊಸದು ಅದರ ನೈತಿಕ ಪ್ರಯೋಜನ. ತೊಂಬತ್ತನಾಲ್ಕು ಸಾವುಗಳಿಗೆ ರಾಜನೇ ಹೊಣೆ. ಅವುಗಳ ಬಗ್ಗೆ ಯಾವ ನ್ಯಾಯಾಲಯವೂ ಇಲ್ಲ. ತೊಂಬತ್ತೈದನೆಯದು ಮಾತ್ರ ಕೊಲೆ. ಹೀಗೆ ವಿಂಗಡಿಸುವುದೇ ಹಾಸ್ಯಾಸ್ಪದವಲ್ಲವೆ, ಇಷ್ಟು ರಕ್ತದ ನಡುವೆ ಒಬ್ಬನಿಗಾಗಿ ತನಿಖೆಯೆ ಎಂದು ಓದುಗ ಕೇಳಬಹುದು. ಕೃತಿ ಆ ಪ್ರಶ್ನೆಯನ್ನು ಎದುರಿಸುತ್ತದೆ. ಕ್ಯಾಡ್‌ಫೆಲ್ ಪಟ್ಟು ಹಿಡಿದು ಆ ಅನಾಮಧೇಯ ತರುಣನಿಗೆ ಹೆಸರನ್ನು ದೊರಕಿಸಿಕೊಡುತ್ತಾನೆ. ಒಬ್ಬನ ಸಾವು ಲೆಕ್ಕಕ್ಕೆ ಬಂದ ಕೂಡಲೆ ಉಳಿದ ತೊಂಬತ್ತನಾಲ್ಕೂ ಬರಿಯ ಸಂಖ್ಯೆಯಾಗಿ ಉಳಿಯುವುದಿಲ್ಲ. ಅವರನ್ನೂ ತೊಳೆದು, ಮಡಿಯುಡಿಸಿ, ಬಂಧುಗಳಿಗೆ ತೋರಿಸಿ ಮಣ್ಣು ಮಾಡಬೇಕಾಗುತ್ತದೆ. ಇತಿಹಾಸಕಾರ ಅನಿವಾರ್ಯವಾಗಿ ಸಂಖ್ಯೆಯಲ್ಲಿ ಮಾತನಾಡುತ್ತಾನೆ. ಪತ್ತೇದಾರಿ ಕಥೆ ಸ್ವಭಾವತಃ ಒಂದು ಹೆಣದ ಮುಂದೆ ನಿಲ್ಲುತ್ತದೆ. ಲಘುವೆಂದು ನಾವು ಕಡೆಗಣಿಸುವ ಆ ಚೌಕಟ್ಟಿನಿಂದಲೇ ಇಲ್ಲಿ ಗುರುವಾದ ಅರ್ಥ ಹೊರಟಿದೆ.

ಕನ್ನಡದ ಸಂದರ್ಭದಲ್ಲಿ ಒಂದೆರಡು ಮಾತು ಅಪ್ರಸ್ತುತವಾಗಲಾರದು. ಬಿ. ವೆಂಕಟಾಚಾರ್ಯರ ಬಂಗಾಳಿ ಅನುವಾದಗಳೂ ಗಳಗನಾಥರ ಐತಿಹಾಸಿಕ ಕಾದಂಬರಿಗಳೂ ನಮ್ಮಲ್ಲಿ ಓದುವ ಜನವನ್ನು ಸೃಷ್ಟಿಸಿದವು ಎಂಬುದು ಸರ್ವವಿದಿತ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ವನ್ನು ಓದಿ ಕಣ್ಣೀರಿಟ್ಟವರು ಅನೇಕರು. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ಮಡಿದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಕಾದಂಬರಿಕಾರನ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಆದರೆ ನಮ್ಮ ಐತಿಹಾಸಿಕ ಕಾದಂಬರಿಗಳ ಪ್ರಧಾನ ಧಾರೆ ವೀರ ಕರುಣಗಳತ್ತ, ಸಾಮ್ರಾಜ್ಯಗಳ ಉದಯಾಸ್ತಗಳತ್ತ ಹರಿದಿದೆ. ಹಾಸ್ಯಕ್ಕೂ ಗೃಹಕೃತ್ಯಕ್ಕೂ ಅಲ್ಲಿ ಎಡೆ ಕಡಿಮೆ. ಆತಕೂರಿನ ವೀರಗಲ್ಲನ್ನು ನೆನೆಯಿರಿ. ಹತ್ತನೆಯ ಶತಮಾನದ ವೀರ ಮಣಲೇರನು ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಬಹುಮಾನವಾಗಿ ಒಡೆಯನಲ್ಲಿ ಕೇಳಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ಸಾಮ್ರಾಜ್ಯದ ಕದನವೂ ಒಂದು ನಾಯಿಯ ಮೇಲಿನ ಮಮತೆಯೂ ಒಂದೇ ಕಲ್ಲಿನಲ್ಲಿ ಕೂಡಿರುವಾಗ, ಲಘುತ್ವವು ಇತಿಹಾಸಕ್ಕೆ ಹೊರಗಿನದೆಂದು ಹೇಗೆ ಹೇಳೋಣ?

ಆದುದರಿಂದ ಆರಂಭದ ಸಂಕೋಚಕ್ಕೆ ಉತ್ತರ ಇಷ್ಟು: ಸಂತೋಷಪಟ್ಟುದಕ್ಕೆ ನಾಚಬೇಕಾಗಿಲ್ಲ. ಕಾವ್ಯದಲ್ಲಿ ಪ್ರೀತಿಯೇ ಪ್ರಧಾನ, ವ್ಯುತ್ಪತ್ತಿ ಅದನ್ನು ಹಿಂಬಾಲಿಸುವುದು ಎಂದು ಅಭಿನವಗುಪ್ತನೂ ಒಪ್ಪಿದ್ದಾನೆ. ನಾಚಬೇಕಾದುದು ಎಚ್ಚರವಿಲ್ಲದ ಸಂತೋಷಕ್ಕೆ. ಪುಸ್ತಕ ಮುಚ್ಚಿದ ಮೇಲೆ, ಈ ಕಥೆ ಆ ಕಾಲದಲ್ಲಿ ಮಾತ್ರ ನಡೆಯಬಹುದಾಗಿತ್ತೆ, ಇದರ ನೆಮ್ಮದಿಗಾಗಿ ಯಾರನ್ನು ಮರೆಯಲಾಗಿದೆ, ಯಾರನ್ನು ಕೆಡಿಸಿ ಚಿತ್ರಿಸಲಾಗಿದೆ ಎಂದು ಕೇಳಿಕೊಳ್ಳುವ ವಿದ್ಯಾರ್ಥಿ ಯಾವ ಕಾದಂಬರಿಯನ್ನಾದರೂ ಓದಲಿ. ಅಧ್ಯಾಪಕನಾದವನು ಅದನ್ನು ಅವನ ಕೈಯಿಂದ ಕಸಿದುಕೊಳ್ಳಬೇಕಾಗಿಲ್ಲ. ಓದಿ ಮುಗಿಸಿದ ಮೇಲೆ ಎರವು ಕೇಳಿದರೆ ಸಾಕು.